ಇನ್ನೊಂದು ಪಕ್ಷದ ಕುರ್ಚಿ

ಮರ್ನಾ ಬೀಕರ್ ಎಂಬ ಹೆಸರು ಕಿವಿಗೆ ಬಿದ್ದರೆ ಗೇಲನ್ ಡ್ರೈಲಿಂಗ್ ಈಗಲೂ ಕೈಯಲ್ಲಿರುವ ಸ್ಪ್ಯಾನರನ್ನು ನೆಲಕ್ಕೆ ಬಿಸಾಡುತ್ತಾನೆ. ಆಮೇಲೆ ತಾನೇ ಬಗ್ಗಿ ಎತ್ತಿಕೊಂಡು, ಆ ಹೆಸರು ಎತ್ತಿದವರ ಕಡೆ ಬೆನ್ನು ಮಾಡಿ ಕೆಲಸ ಮುಂದುವರಿಸುತ್ತಾನೆ. ಮರ್ನಾ ಅವನ ಆಸ್ತಿ ನುಂಗಿದವಳಲ್ಲ, ಹಿಂದಿನಿಂದ ಆಡಿಕೊಂಡವಳೂ ಅಲ್ಲ. ಒಂದು ಉಪಕಾರ ಕೇಳಿದಳು, ಇವನು ಹೂಂ ಅಂದ. ನಡೆದದ್ದು ಅಷ್ಟೇ. ಆ ಹೂಂ ಮಾತ್ರ ಇವತ್ತಿಗೂ ಅವನ ಗಂಟಲಲ್ಲಿ ಮುಳ್ಳಿನಂತೆ ನಿಂತಿದೆ. ಉಗುಳಲೂ ಆಗದು, ನುಂಗಲೂ ಆಗದು.

ಗೇಲನ್‌ನದು ಪಂಪು ರಿಪೇರಿ ಕೆಲಸ. ಪಶ್ಚಿಮ ಕ್ಯಾನ್ಸಸ್‌ನ ಗೋಧಿ ಹೊಲಗಳ ನಡುವೆ, ಪೆಲ್ಟನ್ ಕೌಂಟಿಯ ಆರ್ಡೆಲ್ ಎಂಬ ಸಣ್ಣ ಊರಲ್ಲಿ ಹುಟ್ಟಿ, ಹತ್ತನೇ ಕ್ಲಾಸಿಗೆ ಶಾಲೆಗೆ ಸಲಾಮು ಹೊಡೆದು ಅಪ್ಪನ ಜೊತೆ ಬಾವಿ ಕೆಲಸಕ್ಕೆ ನಿಂತವನು. ಸುತ್ತಲ ಊರುಗಳಲ್ಲಿ ಅವನು ಕೈ ಇಡದ ಕೊಳವೆಬಾವಿ ಇಲ್ಲ. ಕೋಪ ಮಾತ್ರ ಮೂಗಿನ ತುದಿಯಲ್ಲೇ. ಪಂಪು ಎತ್ತುವಾಗ ಪೈಪು ಜಾರಿತೋ, ಮೊದಲು ಪೈಪಿಗೆ ಬೈಯುತ್ತಿದ್ದ, ಆಮೇಲೆ ಪೈಪು ಮಾಡಿದ ಕಂಪನಿಗೆ, ಕೊನೆಗೆ ಕೈ ಕಟ್ಟಿ ನಿಂತು ನೋಡುತ್ತಿದ್ದ ಮನೆ ಯಜಮಾನನಿಗೆ. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನೀರು ಬರಬೇಕಲ್ಲ.

ಅವನು ಡೆಮಾಕ್ರಾಟ್. ಅವನ ಅಪ್ಪ ಡೆಮಾಕ್ರಾಟ್, ಅಜ್ಜ ಡೆಮಾಕ್ರಾಟ್. ವೋಲ್ಗಾ ನದಿಯ ದಡದಿಂದ ಬಂದ ಜರ್ಮನ್ ಕ್ಯಾಥೊಲಿಕರ ಊರು ಆರ್ಡೆಲ್. ಒಂದು ಕಾಲದಲ್ಲಿ ಮನೆಮನೆಯ ಗೋಡೆಯ ಮೇಲೂ ಪೋಪರ ಪಕ್ಕದಲ್ಲಿ ಗುಂಡಿಗೆ ಬಲಿಯಾದ ಆ ಕ್ಯಾಥೊಲಿಕ್ ಅಧ್ಯಕ್ಷರ ಫೋಟೊ ಇರುತ್ತಿತ್ತು. ಆಮೇಲೆ ಗಾಳಿ ತಿರುಗಿತು. ಒಬ್ಬೊಬ್ಬರೇ ರಿಪಬ್ಲಿಕನ್ನರ ಕಡೆ ಹೋದರು. ಕೆಲವರು ಚರ್ಚಿನ ಮೆಟ್ಟಿಲ ಮೇಲೆ ಜಗಳವಾಡಿ ಹೋದರು, ಕೆಲವರು ಟೀವಿ ನೋಡುತ್ತಾ ನೋಡುತ್ತಾ ಹೋದರು, ಹೆಚ್ಚಿನವರು ಪಕ್ಕದ ಮನೆಯವರು ಹೋದರು ಅಂತ ಹೋದರು. ಅಧ್ಯಕ್ಷರ ಫೋಟೊ ಮೊದಲು ಹಜಾರದಿಂದ ಮಲಗುವ ಕೋಣೆಗೆ ಬಂತು, ಅಲ್ಲಿಂದ ಅಟ್ಟಕ್ಕೆ. ಕೊನೆಗೆ ಊರಲ್ಲಿ ಡೆಮಾಕ್ರಾಟರು ಅಂತ ಉಳಿದವರು ಗೇಲನ್, ಅವನ ಹೆಂಡತಿ ಕಾರ್ಲೀನ್, ಮತ್ತು ಬರ್ನಿಟಾ ಎಂಬ ಮುದುಕಿ. ಬರ್ನಿಟಾ ಸತ್ತ ಮೇಲೆ ಇಬ್ಬರೇ.

ನಮ್ಮ ಕಡೆ ನವೆಂಬರಿನ ಚುನಾವಣೆ ಹೆಸರಿಗೆ. ರಿಪಬ್ಲಿಕನ್ ಪಕ್ಷದಿಂದ ಯಾರು ನಿಂತರೋ ಅವರೇ ಗೆದ್ದ ಹಾಗೆ. ಎದುರಿಗೆ ನಿಲ್ಲಲು ಜನವೇ ಇಲ್ಲ. ನಿಜವಾದ ಚುನಾವಣೆ ಆಗಸ್ಟಿನದು. ಪಕ್ಷದೊಳಗೆ ಯಾರು ಅಂತ ಅವರವರೇ ಆರಿಸಿಕೊಳ್ಳುವುದು ಆಗ, ಮತ್ತು ಅದಕ್ಕೆ ವೋಟು ಹಾಕಲು ಆ ಪಕ್ಷದವನಾಗಿ ಹೆಸರು ಬರೆಸಿರಬೇಕು. ಗೇಲನ್‌ಗೆ ಆಗಸ್ಟಿನಲ್ಲಿ ಸಿಗುತ್ತಿದ್ದದ್ದು ಅವನ ಪಕ್ಷದ ಮತಪತ್ರ. ಮೇಲೆ ಎಲ್ಲೋ ದೂರದ ನಾಲ್ಕು ಹೆಸರು. ಕೌಂಟಿಯ ಹುದ್ದೆಗಳ ಕಡೆಗೆ ಬಂದರೆ ಹೆಸರೇ ಇಲ್ಲ. ಬೇಕಾದವರ ಹೆಸರು ಬರೆದುಕೋ ಅಂತ ಒಂದೊಂದು ಖಾಲಿ ಗೆರೆ. ಅವನು ಆ ಗೆರೆಯ ಮೇಲೆ ಒಂದು ಸಲ ಸತ್ತ ಅಪ್ಪನ ಹೆಸರು ಬರೆದ. ಇನ್ನೊಂದು ಸಲ ನಾಯಿಯ ಹೆಸರು. ನಾಯಿಗೆ ಒಂದು ವೋಟು ಬಿತ್ತು. ಎಣಿಕೆ ಮುಗಿದ ಮೇಲೆ ಮರ್ನಾ ಫೋನು ಮಾಡಿ, ನಿನ್ನ ನಾಯಿ ಗೆದ್ದಿದ್ದರೆ ಪ್ರಮಾಣವಚನ ಯಾರು ಕೊಡಿಸಬೇಕಿತ್ತು, ನಾನಲ್ಲವಾ ಅಂತ ಬೈದಿದ್ದಳು. ಅದು ಕಚ್ಚುವುದಿಲ್ಲ, ಈಗಿರುವವರಿಗಿಂತ ವಾಸಿ ಅಂದಿದ್ದ ಗೇಲನ್.

ಮರ್ನಾ ಕೌಂಟಿಯ ಗುಮಾಸ್ತೆ. ಚುನಾವಣೆ ನಡೆಸುವ ಜವಾಬ್ದಾರಿ ಅವಳದೇ. ಕಾರ್ಲೀನಳ ದೊಡ್ಡಮ್ಮನ ಮಗಳು ಬೇರೆ. ಮತಗಟ್ಟೆಯ ಮೇಜಿನ ಹಿಂದೆ ಕೂರುವವರು ಎಲ್ಲರೂ ಒಂದೇ ಪಕ್ಷದವರಾಗಿರಬಾರದು ಎಂಬುದು ನಿಯಮ. ಪೆಟ್ಟಿಗೆಗೆ ಮೊಹರು ಹಾಕುವಾಗ ಎರಡೂ ಪಕ್ಷದವರ ಸಹಿ ಬೀಳಬೇಕು. ಆರ್ಡೆಲ್‌ನಲ್ಲಿ ಆ ಎರಡನೇ ಸಹಿಗೆ ಇದ್ದ ಗಂಡಾಳು ಗೇಲನ್ ಒಬ್ಬನೇ. ಹೀಗಾಗಿ ವರ್ಷಗಳಿಂದ ಪ್ರತಿ ಚುನಾವಣೆಗೂ ಅವನು ಗ್ರೀಸು ತಿಕ್ಕಿ ತೊಳೆದು, ಇಸ್ತ್ರಿ ಅಂಗಿ ಹಾಕಿ, ಚರ್ಚಿನ ನೆಲಮಾಳಿಗೆಯ ಹಾಲಿನಲ್ಲಿ ಮೇಜಿನ ಕೊನೆಯ ಕುರ್ಚಿಯಲ್ಲಿ ಕೂರುತ್ತಿದ್ದ. ಅವನ ವೋಟಿಗೆ ಬೆಲೆ ಇರಲಿಲ್ಲ, ಅವನಿಲ್ಲದೆ ಬಾಗಿಲು ತೆರೆಯುವ ಹಾಗೂ ಇರಲಿಲ್ಲ.

ಬಂದವರೆಲ್ಲ ಅವನನ್ನು ಒಂದು ಮಾತು ಕೆಣಕದೆ ಹೋಗುತ್ತಿರಲಿಲ್ಲ. ನಾರ್ಬ್ ಎಂಬ ಮುದುಕನದಂತೂ ಪ್ರತಿ ಸಲವೂ ಅದೇ ಮಾತು.

"ಓಹೋ, ವಿರೋಧ ಪಕ್ಷ ಪೂರ್ತಿಯಾಗಿ ಹಾಜರು. ನನ್ ವೋಟು ಕದ್ದುಬಿಟ್ಟೀಯ, ಹುಷಾರು ಕಣೋ."

"ನಿನ್ ವೋಟು ತಗೊಂಡು ಏನ್ ಮಾಡ್ಲಿ ನಾರ್ಬ್, ಹೊಲದಲ್ಲಿ ಹೂಳ್ಲಾ? ಗೊಬ್ಬರಕ್ಕೂ ಆಗಲ್ಲ."

ನಗು. ಆಮೇಲೆ ಹೆಂಗಸರು ತಂದಿಟ್ಟ ಬೀರಾಕ್‌ಗಳು, ಕೋಸು ಮತ್ತು ಮಾಂಸ ತುಂಬಿ ಸುಟ್ಟ ಬನ್ನುಗಳು, ಪಕ್ಷಭೇದವಿಲ್ಲದೆ ಖಾಲಿಯಾಗುತ್ತಿದ್ದವು. ಹಾಗೆ ನೋಡಿದರೆ ಗೇಲನ್‌ಗೆ ಆ ಕುರ್ಚಿ ಇಷ್ಟವೇ ಇತ್ತು. ಒಪ್ಪಿಕೊಳ್ಳುತ್ತಿರಲಿಲ್ಲ ಅಷ್ಟೇ.

ಕಾರ್ಲೀನಳಿಗೆ ನರಗಳ ಕಾಯಿಲೆ ಹತ್ತಿದ್ದು ಐವತ್ತರ ಹತ್ತಿರ. ಮೊದಲು ಕಾಲು ಎಳೆಯಿತು, ಆಮೇಲೆ ಗಾಲಿಕುರ್ಚಿ ಬಂತು, ಆಮೇಲೆ ಗೇಲನ್ ಒಬ್ಬನಿಂದ ಅವಳನ್ನು ಎತ್ತಿ ಇಳಿಸುವುದು ಆಗದೆ ಹೋಯಿತು. ಆರ್ಡೆಲ್‌ನಲ್ಲಿ ಕೌಂಟಿಯದೇ ಒಂದು ಆರೈಕೆ ಮನೆ ಇತ್ತು. ಅವನ ಶೆಡ್ಡಿನಿಂದ ನಾಲ್ಕು ಬೀದಿ ಆಚೆಗೆ. ಅಲ್ಲಿ ಅವಳಿಗೆ ಕಿಟಕಿ ಪಕ್ಕದ ಕೋಣೆ ಸಿಕ್ಕಿತು. ಗೇಲನ್ ದಿನಾ ಸಂಜೆ ಕೆಲಸದ ಬಟ್ಟೆಯಲ್ಲೇ ಹೋಗಿ ಅವಳಿಗೆ ಊಟ ಮಾಡಿಸಿ, ಇಸ್ಪೀಟು ಆಡಿ, ಸೋತು, ಬೈಸಿಕೊಂಡು ಬರುತ್ತಿದ್ದ. ಅವಳ ಕೈ ನಡುಗುತ್ತಿತ್ತು, ಬಾಯಿಗೇನೂ ಆಗಿರಲಿಲ್ಲ. ಆ ಮನೆಯ ಅಡುಗೆಯವಳು ಅವಳ ಜೊತೆ ಓದಿದವಳು, ನರ್ಸ್ ಡೆಲ್ಲಾ ಅವಳು ಎತ್ತಿ ಆಡಿಸಿದ ಹುಡುಗಿ. ಕಾಯಿಲೆಯವಳಿಗೂ ಊರು ಅಂತ ಒಂದು ಉಳಿದಿತ್ತು.

ಆ ಮನೆ ನಡೆಯುತ್ತಿದ್ದದ್ದು ಕೌಂಟಿಯ ತೆರಿಗೆಯಿಂದ. ಕೌಂಟಿಯ ಆಡಳಿತಕ್ಕೆ ವೋಟಿನಿಂದ ಆರಿಸಿ ಬಂದ ಮೂವರು ಕಮಿಷನರುಗಳು. ಮುಚ್ಚಬೇಕು ಅನ್ನುವವನು ಒಬ್ಬ, ಬೇಡ ಅನ್ನುವವರು ಇಬ್ಬರು. ಬೇಡ ಅನ್ನುವ ಇಬ್ಬರಲ್ಲಿ ಡ್ವೇನ್ ಕ್ರಾಫ್ಟ್ ಆರ್ಡೆಲ್ ಭಾಗದವನು, ಮತ್ತು ಆ ವರ್ಷ ಅವನ ಅವಧಿ ಮುಗಿಯುತ್ತಿತ್ತು. ಎದುರಿಗೆ ಅವನದೇ ಪಕ್ಷದ ಟ್ರೆಂಟ್ ಹಾಲಿಸ್ ನಿಂತ. ಜಮೀನು ದಲ್ಲಾಳಿ, ಬಿಳಿ ಹಲ್ಲಿನ ಮನುಷ್ಯ. ಅವನು ಹೇಳಿದ್ದು ಒಂದೇ ಮಾತು: ಆರೈಕೆ ಮನೆ ಮುಚ್ಚಿದರೆ ತೆರಿಗೆ ಇಳಿಯುತ್ತದೆ. ತೆರಿಗೆ ಇಳಿಯುತ್ತದೆ ಅಂದರೆ ನಮ್ಮ ಜನ ಅವ್ವನನ್ನಾದರೂ ಎತ್ತಿ ಬೇರೆ ಕಡೆ ಇಟ್ಟಾರು.

ಮೇ ತಿಂಗಳಲ್ಲಿ ಡ್ವೇನ್ ಗೇಲನ್‌ನ ಶೆಡ್ಡಿಗೆ ಬಂದ. ಪಂಪಿನ ವಿಷಯ ಎತ್ತಿದ, ಮಳೆಯ ವಿಷಯ ಎತ್ತಿದ, ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕೊನೆಗೆ ಬಾಯಿಬಿಟ್ಟ.

"ಈ ಸಲ ಕಷ್ಟ ಇದೆ ಗೇಲನ್. ಒಂದೇ ಒಂದ್ಸಲ ಈ ಕಡೆ ಹೆಸರು ಬರೆಸು. ಆಮೇಲೆ ಬೇಕಾದ್ರೆ ವಾಪಸ್ ಹೋಗು. ನಿಮ್ಮಪ್ಪ ಮೇಲಿಂದ ನೋಡಿ ಬೈದ್ರೆ ನನ್ ಹೆಸರು ಹೇಳು."

"ನಮ್ಮಪ್ಪ ಮೇಲಿದಾನೆ ಅಂತ ನಿಂಗ್ಯಾರು ಹೇಳಿದ್ರು," ಅಂದ ಗೇಲನ್. ಆದರೆ ಇಲ್ಲ ಅನ್ನಲಿಲ್ಲ.

ಆ ಸಂಜೆ ಕಾರ್ಲೀನಳಿಗೆ ಹೇಳಿದ. ಅವಳು ಇಸ್ಪೀಟೆಲೆಗಳನ್ನು ಮಡಿಲಲ್ಲಿ ಮಗುಚಿ ಇಟ್ಟಳು. ಅವನಿಗೆ ಅಳುಕು ಇದ್ದದ್ದು ಅಪ್ಪನ ಬಗ್ಗೆ, ಅಜ್ಜನ ಬಗ್ಗೆ, ಊರವರು ಚರ್ಚಿನ ಹೊರಗೆ ಆಡಿಕೊಳ್ಳುವುದರ ಬಗ್ಗೆ. ಅವಳಿಗೆ ಅದೇನೂ ಇರಲಿಲ್ಲ.

"ನನ್ ಹಾಸಿಗೆ ಇಲ್ಲಿರುತ್ತೋ ಇಲ್ವೋ ಅಂತ ಆ ವೋಟು. ಪಕ್ಷ ಕಟ್ಕೊಂಡು ನಂಗೇನಾಗ್ಬೇಕು? ಇಬ್ಬರದೂ ಬದಲಾಯಿಸು. ನಾಳೇನೇ ಹೋಗು."

ಹೆಸರು ಬದಲಿಸಲು ಜೂನ್ ಒಂದರವರೆಗೆ ಮಾತ್ರ ಸಮಯ. ಗೇಲನ್ ಮರುದಿನ ಕೌಂಟಿಯ ಕಚೇರಿಗಳಿರುವ ಪೆಲ್ಟನ್ ಊರಿಗೆ, ಕೋರ್ಟ್ ಕಟ್ಟಡಕ್ಕೆ ಹೋದ. ಮರ್ನಾ ಕಿಟಕಿಯ ಆಚೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಅವನು ಬಂದ ಕಾರಣ ಹೇಳಿದ್ದೇ ತಡ, ತಿನ್ನುವುದನ್ನು ನಿಲ್ಲಿಸಿ ಎದ್ದು ಬಂದು ಬಾಗಿಲು ಹಾಕಿದಳು.

ಅವಳ ಕಷ್ಟ ಅವಳು ಹೇಳಿಕೊಂಡಳು. ಬರ್ನಿಟಾ ಸತ್ತಳು. ಕಾರ್ಲೀನ್ ಕೂರುವ ಸ್ಥಿತಿಯಲ್ಲಿಲ್ಲ. ಗೇಲನ್ ಆ ಕಡೆ ಹೋದರೆ ಆರ್ಡೆಲ್‌ನ ಮೇಜಿಗೆ ಇನ್ನೊಂದು ಪಕ್ಷದವರು ಯಾರೂ ಇಲ್ಲ. ಮತಗಟ್ಟೆಯನ್ನೇ ಮುಚ್ಚಿ ಎಲ್ಲರನ್ನೂ ಪೆಲ್ಟನ್‌ಗೆ ಬರಲು ಹೇಳಬೇಕಾಗುತ್ತದೆ. ಇಪ್ಪತ್ತೆರಡು ಮೈಲಿ. ನಾರ್ಬ್‌ನಂಥ ಮುದುಕರು ಬರುತ್ತಾರಾ? ಆ ಮುದುಕರೆಲ್ಲ ಡ್ವೇನ್‌ನ ವೋಟುಗಳು.

"ಲೆಕ್ಕ ನೀನೇ ಹಾಕು," ಅಂದಳು ಮರ್ನಾ. "ನೀನು ಆ ಕಡೆ ಹೋದ್ರೆ ಡ್ವೇನ್‌ಗೆ ಒಂದು ವೋಟು ಬರುತ್ತೆ, ನಲವತ್ತು ಹೋಗುತ್ತೆ. ನೀನು ಕೂತ್ಕೊಂಡ್ರೆ ನಲವತ್ತೂ ಉಳಿಯುತ್ತೆ. ಅವನು ಯಾವತ್ತು ಸೋತಿದಾನೆ ಹೇಳು? ಆ ಟ್ರೆಂಟ್‌ನ ಮುಖಕ್ಕೆ ಯಾರು ಹಾಕ್ತಾರೆ?"

ಗೇಲನ್ ಗೊಣಗಿದ. ಕಾರ್ಲೀನ್ ಏನನ್ನುತ್ತಾಳೋ ಅಂದ.

"ಅವಳಿಗೆ ನಾನು ಹೇಳ್ತೀನಿ. ಇದೊಂದು ನಡೆಸಿಕೊಡು ಕಣೋ. ನಿನ್ನ ಋಣ ನನ್ ಮೇಲಿರುತ್ತೆ. ದೊಡ್ಡ ಋಣ. ತೀರಿಸ್ತೀನಿ."

ಇದೇ ಆ ಮಾತು. ಗೇಲನ್ ಹೂಂ ಅಂದ. ಬೇರೆಯವರು ಅವನಿಲ್ಲದೆ ಆಗುವುದಿಲ್ಲ ಅಂದರೆ ಕರಗುವ ಜಾತಿ ಅವನದು. ಬೈದರೆ ಕಲ್ಲು, ಬೇಡಿಕೊಂಡರೆ ಬೆಣ್ಣೆ. ಬರುವ ದಾರಿಯಲ್ಲಿ ತಾನು ಊರಿಗೇ ಉಪಕಾರ ಮಾಡಿದೆ ಅನ್ನಿಸಿ ಸಿಳ್ಳೆ ಹೊಡೆದುಕೊಂಡು ಬಂದ.

ಕಾರ್ಲೀನ್ ಸಿಳ್ಳೆ ಹೊಡೆಯಲಿಲ್ಲ. ನೀನು ಕೂತುಕೋ, ನನ್ನದೊಂದನ್ನಾದರೂ ಬದಲಿಸು ಅಂದಳು. ಅವನಿಗೆ ಎಲ್ಲಿತ್ತೋ ರೇಗಿತು. ಒಂದೇ ಮನೆಯಲ್ಲಿ ಎರಡು ಪಕ್ಷವಾ, ಊರವರ ಬಾಯಿಗೆ ಅವಲಕ್ಕಿ ಹಾಕಬೇಕಾ, ಡ್ವೇನ್ ಗೆದ್ದೇ ಗೆಲ್ಲುತ್ತಾನೆ, ಸುಮ್ಮನೆ ಇರು ಅಂದ. ಅವಳು ಸುಮ್ಮನಾದಳು. ಅವಳು ಸುಮ್ಮನಾದಳು ಅಂದರೆ ಮಾತು ಮುಗಿದಿಲ್ಲ ಅಂತ, ಮೂವತ್ತು ವರ್ಷ ಜೊತೆಗಿದ್ದವನಿಗೆ ಗೊತ್ತಿರಬೇಕಿತ್ತು.

ಆಗಸ್ಟಿನ ಆ ಮಂಗಳವಾರ ಬೆಳಿಗ್ಗೆಯೇ ಬಿಸಿಲು ಸುಡುತ್ತಿತ್ತು. ನೆಲಮಾಳಿಗೆಯ ಹಾಲಿನಲ್ಲಿ ಮೂರು ಫ್ಯಾನು, ಕಾಫಿ ಪಾತ್ರೆ, ಬೀರಾಕ್‌ಗಳ ಎರಡು ತಟ್ಟೆ. ಗೇಲನ್ ತನ್ನ ಕುರ್ಚಿಯಲ್ಲಿ ಕೂತು ಬಂದವರ ಹೆಸರು ಹುಡುಕಿ, ಮತಪತ್ರ ಕೊಡುತ್ತಾ ಹೋದ. ಎಲ್ಲರಿಗೂ ರಿಪಬ್ಲಿಕನ್ನರ ಕೆಂಪು ಪಟ್ಟಿಯ ಹಾಳೆ. ಡ್ವೇನ್ ಕ್ರಾಫ್ಟ್, ಟ್ರೆಂಟ್ ಹಾಲಿಸ್, ಎರಡೇ ಹೆಸರು, ಪಕ್ಕದಲ್ಲಿ ಗುರುತು ಹಾಕಲು ಎರಡು ಪುಟ್ಟ ವೃತ್ತ. ಆ ಹಾಳೆಯನ್ನು ಅವನು ತನ್ನ ಕೈಯಾರೆ ಇಡೀ ಊರಿಗೆ ಹಂಚಿದ. ಯಾವನಿಗೆ ಹಾಕುತ್ತಾರೆ ಅಂತ ಮುಖ ನೋಡಿದ. ಮುದುಕರು ಬಂದರು, ಮರ್ನಾ ಹೇಳಿದ್ದು ಸುಳ್ಳಾಗಲಿಲ್ಲ. ಆದರೆ ಮುದುಕರ ಹಿಂದೆ, ಹಿಂದೆಂದೂ ಆಗಸ್ಟಿನಲ್ಲಿ ಮುಖ ತೋರಿಸದ ಗಂಡಸರೂ ಬಂದರು. ಕೊಯ್ಲು ಮುಗಿದು ಕೈ ಖಾಲಿ ಇತ್ತು, ತೆರಿಗೆಯ ರಸೀದಿ ಜೇಬಲ್ಲಿತ್ತು. ಅವರು ಗೇಲನ್‌ನ ಕಣ್ಣು ತಪ್ಪಿಸಿ ಹಾಳೆ ಇಸಿದುಕೊಂಡರು. ಅವರಲ್ಲಿ ಅರ್ಧ ಜನರ ಪಂಪು ಅವನು ಕೂರಿಸಿಕೊಟ್ಟದ್ದು.

ನಾರ್ಬ್ ಬಂದಾಗ ಯಾಕೋ ಕೆಣಕಲಿಲ್ಲ. ಕಾರ್ಲೀನ್ ಹೇಗಿದ್ದಾಳೆ ಅಂತ ಕೇಳಿದ. ಕೇಳಿದ್ದೇ ಗೇಲನ್‌ಗೆ ದಿಗಿಲಾಯಿತು.

ಮಧ್ಯಾಹ್ನ ಜನ ಇಲ್ಲದ ಹೊತ್ತಿನಲ್ಲಿ ತನ್ನ ನೀಲಿ ಪಟ್ಟಿಯ ಹಾಳೆ ತೆಗೆದುಕೊಂಡ. ಕಮಿಷನರ್ ಅನ್ನುವಲ್ಲಿ ಖಾಲಿ ಗೆರೆ. ಅದರ ಮೇಲೆ ಒತ್ತಿ ಒತ್ತಿ ಡ್ವೇನ್ ಕ್ರಾಫ್ಟ್ ಅಂತ ಬರೆದ. ಅದು ಡ್ವೇನ್‌ನ ಲೆಕ್ಕಕ್ಕೆ ಸೇರುವುದಿಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬರೆದ. ನಾಯಿಯ ಹೆಸರು ಬರೆದ ಕೈಯಿಂದಲೇ ಬರೆದ, ಆದರೆ ಆ ಸಲ ನಗು ಬರಲಿಲ್ಲ.

ಏಳು ಗಂಟೆಗೆ ಬಾಗಿಲು ಹಾಕಿದರು. ಹೊರಗೆ ಇನ್ನೂ ಬೆಳಕಿತ್ತು. ಮೊಹರಿನ ಮೇಲೆ ಎರಡನೇ ಸಹಿ ಗೇಲನ್‌ನದು. ಆರ್ಡೆಲ್‌ನಲ್ಲಿ ಡ್ವೇನ್ ಮುಂದಿದ್ದ, ಆದರೆ ಇರಬೇಕಾದಷ್ಟು ಅಲ್ಲ. ಉಳಿದ ಊರುಗಳದು ಬಂತು, ಅಂಚೆಯ ಮತಗಳು ಬಂದವು, ವಾರ ಬಿಟ್ಟು ಕೋರ್ಟ್ ಕಟ್ಟಡದಲ್ಲಿ ಮತ್ತೊಮ್ಮೆ ಎಣಿಸಿದರು. ಡ್ವೇನ್ ಒಂದು ವೋಟಿನಲ್ಲಿ ಸೋತಿದ್ದ.

ಗೇಲನ್ ನೇರ ಆರೈಕೆ ಮನೆಗೆ ಹೋದ. ಒಳಗೆ ಬಂದವನೇ ಮರ್ನಾಗೆ ಬೈದ, ಟ್ರೆಂಟ್‌ಗೆ ಬೈದ, ಕಣ್ಣು ತಪ್ಪಿಸಿದ ಗಂಡಸರಿಗೆ ಹೆಸರು ಹಿಡಿದು ಬೈದ. ಕಾರ್ಲೀನ್ ಎಲ್ಲ ಮುಗಿಯುವವರೆಗೆ ಕಾದಳು.

"ನಂದು ಹಾಕಿದೀನಿ," ಅಂದಳು.

"ಏನು?"

"ಡ್ವೇನ್‌ಗೆ. ಮೇನಲ್ಲೇ ಹೆಸರು ಬದಲಾಯ್ಸಿದೆ. ಡೆಲ್ಲಾ ಕಾಗದ ತಂದ್ಕೊಟ್ಲು, ಸಹಿ ಮಾಡೋಕೆ ಮೂರು ಸಲ ಆಯ್ತು. ಅಂಚೇಲಿ ಹಾಕಿದ್ವಿ. ನಿಂಗೆ ಹೇಳಿದ್ರೆ ಕಿರುಚ್ತಿದ್ದೆ, ಅದಕ್ಕೇ ಹೇಳ್ಲಿಲ್ಲ."

ಅವನು ಹಾಸಿಗೆಯ ತುದಿಯಲ್ಲಿ ಕೂತ.

"ನಿಂದೊಂದು ಇದ್ದಿದ್ರೆ ಸಮ ಆಗ್ತಿತ್ತು," ಅಂದಳು. "ಸಮ ಆದ್ರೆ ಚೀಟಿ ಎತ್ತುತಾರಂತೆ. ಚೀಟೀಲಾದ್ರೂ ನನ್ ಹಾಸಿಗೆ ಇರ್ತಿತ್ತು ಗೇಲನ್. ಅರ್ಧಕ್ಕರ್ಧ."

ಅದಾದ ಮೇಲೆ ಆ ವಿಷಯ ಅವಳು ಒಂದು ದಿನವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಅವನು ತಿರುಗಿ ಬೈದು ಹಗುರಾಗುತ್ತಿದ್ದ. ಆ ದಾರಿಯನ್ನೂ ಅವಳು ಕೊಡಲಿಲ್ಲ.

ಆಮೇಲೆ ಅವನಿಗೆ ಹೊಳೆದದ್ದು ಇನ್ನೂ ಕೆಟ್ಟದ್ದು. ಕಾರ್ಲೀನ್ ಹೆಸರು ಬದಲಿಸಿದ ಕಾಗದ ಹೋಗಿದ್ದು ಎಲ್ಲಿಗೆ? ಮರ್ನಾಳ ಮೇಜಿಗೆ. ಮರ್ನಾ ಅದನ್ನು ಓದಿದ್ದಳು, ಮುದ್ರೆ ಒತ್ತಿದ್ದಳು, ಜೂನ್ ಒಂದಕ್ಕೆ ಇನ್ನೂ ದಿನ ಇತ್ತು. ಹೆಂಡತಿ ಹೆದರಿದ್ದಾಳೆ, ಗೆಲುವು ಅಷ್ಟು ಸಲೀಸಲ್ಲ, ನೀನೂ ಬಾ ಅಂತ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಕುರ್ಚಿಗೊಬ್ಬ ಮನುಷ್ಯ. ಫೋನಿನಲ್ಲಿ ಜಾಡಿಸಿದಾಗ, ಅವಳೇ ಹೇಳಬೇಡ ಅಂದಿದ್ದಳು, ನಾನೇನು ಮಾಡಲಿ ಅಂದಳು ಮರ್ನಾ. ನಿನ್ನ ಋಣ ಹಾಗೇ ಇದೆ ಗೇಲನ್, ಮರೆತಿಲ್ಲ ಅಂತಲೂ ಸೇರಿಸಿದಳು.

ನವೆಂಬರಿನಲ್ಲಿ ಟ್ರೆಂಟ್‌ಗೆ ಎದುರಾಳಿ ಇರಲಿಲ್ಲ. ಜನವರಿಯಲ್ಲಿ ಕೈ ಎತ್ತಿ ಪ್ರಮಾಣ ಮಾಡಿದ, ಫೆಬ್ರವರಿಯಲ್ಲಿ ಆರೈಕೆ ಮನೆ ಮುಚ್ಚುವ ವಿಷಯ ಸಭೆಗೆ ಬಂತು. ಜನ ಮಾತಾಡಬಹುದು, ತಲಾ ಮೂರು ನಿಮಿಷ. ಕೋರ್ಟ್ ಕಟ್ಟಡದ ಆ ಕೋಣೆ ಗಿಜಿಗುಡುತ್ತಿತ್ತು. ಮೂವರು ಕಮಿಷನರುಗಳ ಪಕ್ಕದ ಸಣ್ಣ ಮೇಜಿನಲ್ಲಿ ನಡೆದದ್ದನ್ನು ಬರೆದುಕೊಳ್ಳಲು ಮರ್ನಾ ಕೂತಿದ್ದಳು.

ಗೇಲನ್ ಎದ್ದು ನಿಂತ. ಸಾಲ ತೀರಿಸಿಕೊಳ್ಳುವುದಕ್ಕೆ ಬಂದವನ ಹಾಗೆ ನೇರ ಅವಳನ್ನೇ ನೋಡಿದ. ಕಮಿಷನರುಗಳ ಕಡೆ ತಿರುಗಲೇ ಇಲ್ಲ.

"ಮರ್ನಾ, ನಾನು ಏನೂ ಹೇಳಲ್ಲ. ನೀನು ಹೇಳು. ಮೇ ತಿಂಗಳಲ್ಲಿ ನಾನು ನಿನ್ ಕಿಟಕಿ ಹತ್ರ ಯಾಕೆ ಬಂದಿದ್ದೆ, ನೀನು ಬಾಗಿಲು ಹಾಕಿ ಏನ್ ಕೇಳ್ಕೊಂಡೆ, ಇವರಿಗೆ ಹೇಳು. ಈ ಮನುಷ್ಯ ಆ ಕುರ್ಚೀಲಿ ಕೂತಿರೋದು ಹೇಗೆ ಅಂತ ಹೇಳು. ಅಷ್ಟೇ ಸಾಕು. ನಿನ್ ಋಣ ತೀರ್ತು."

ಮರ್ನಾ ತಲೆ ಎತ್ತಲಿಲ್ಲ. ಅವಳ ಪೆನ್ನು ಓಡುತ್ತಲೇ ಇತ್ತು. ಅವಳ ಕುತ್ತಿಗೆ ಮಾತ್ರ ಕೆಂಪಗೆ, ಬಿಸಿಲಿಗೆ ಸುಟ್ಟ ಹಾಗೆ ಆಗಿತ್ತು. ಟ್ರೆಂಟ್ ಬಿಳಿ ಹಲ್ಲು ತೋರಿಸಿ, ಗುಮಾಸ್ತರು ಸಭೆಯಲ್ಲಿ ಮಾತಾಡುವ ಹಾಗಿಲ್ಲ, ನಿಮಗೆ ಇನ್ನೂ ಎರಡು ನಿಮಿಷ ಇದೆ ಅಂದ. ಗೇಲನ್ ಆ ಎರಡು ನಿಮಿಷವನ್ನು ನಿಂತೇ ಕಳೆದ, ಬಾಯಿ ತೆರೆಯದೆ, ಅವಳು ಬರೆಯುವುದನ್ನು ನೋಡುತ್ತಾ. ಹೊತ್ತು ಮುಗಿದ ಗಂಟೆ ಹೊಡೆಯಿತು. ಎರಡಕ್ಕೆ ಒಂದು, ಮನೆ ಮುಚ್ಚುವುದು ಅಂತ ಆಯಿತು. ಆಮೇಲೆ ಕೌಂಟಿಯ ಪತ್ರಿಕೆಯಲ್ಲಿ ಸಭೆಯ ವರದಿ ಬಂದಾಗ ಅವನ ಬಗ್ಗೆ ಇದ್ದದ್ದು ಒಂದು ಸಾಲು: ಗೇಲನ್ ಡ್ರೈಲಿಂಗ್ ವಿರೋಧ ವ್ಯಕ್ತಪಡಿಸಿದರು.

ಕಾರ್ಲೀನಳನ್ನು ತೊಂಬತ್ತು ಮೈಲಿ ಆಚೆ, ಹೆದ್ದಾರಿಯ ಪಕ್ಕದ ಒಂದು ಊರಿಗೆ ಕಳಿಸಬೇಕಾಯಿತು. ಅಲ್ಲಿ ಎಲ್ಲ ಹೊಸದು, ಎಲ್ಲ ಸ್ವಚ್ಛ. ಅವಳ ಹೆಸರನ್ನು ದಿನಾ ಒಬ್ಬೊಬ್ಬರು ಒಂದೊಂದು ಥರ ತಪ್ಪಾಗಿ ಹೇಳುತ್ತಿದ್ದರು. ಕಿಟಕಿಯಿಂದ ಕಾಣುತ್ತಿದ್ದದ್ದು ಲಾರಿ ನಿಲ್ಲಿಸುವ ಜಾಗ. ಗೇಲನ್ ದಿನಾ ಹೋಗುತ್ತಿದ್ದವನು ಭಾನುವಾರ ಮತ್ತು ಬುಧವಾರಕ್ಕೆ ಇಳಿದ. ಪಂಪು ಎತ್ತಿದ ದಿನ ಬುಧವಾರವೂ ತಪ್ಪುತ್ತಿತ್ತು. ಅವಳು ಇಸ್ಪೀಟು ಬಿಟ್ಟಳು. ಅವನನ್ನು ಬೈಯುವುದನ್ನೂ ಬಿಟ್ಟಳು. ಅಲ್ಲಿಯ ನರ್ಸುಗಳು ಅವನಿಗೆ, ನಿಮ್ಮ ಹೆಂಡತಿ ತುಂಬಾ ಶಾಂತ ಸ್ವಭಾವದವರು ಅಂದರು. ಅದನ್ನು ಕೇಳಿ ಅವನು ಹೊರಗೆ ಬಂದು ಲಾರಿಗಳ ನಡುವೆ ನಿಂತು ಅತ್ತ.

ಎರಡನೇ ಚಳಿಗಾಲದಲ್ಲಿ ಅವಳ ಎದೆಗೆ ಕಫ ಕಟ್ಟಿತು. ಬನ್ನಿ ಅಂತ ಫೋನು ಬಂದ ದಿನ ಹಿಮಗಾಳಿ ಎದ್ದು ಹೆದ್ದಾರಿಯ ಗೇಟು ಇಳಿಸಿ ದಾರಿ ಮುಚ್ಚಿದ್ದರು. ಗೇಲನ್ ಪಂಪು ಎತ್ತುವ ಲಾರಿಯನ್ನೇ ತೆಗೆದುಕೊಂಡು ಒಳದಾರಿಯಲ್ಲಿ ಹೊರಟ, ಗುಂಡಿಯಲ್ಲಿ ಸಿಕ್ಕಿಕೊಂಡ, ಯಾರದೋ ಟ್ರಾಕ್ಟರಿನಿಂದ ಎಳೆಸಿಕೊಂಡು ವಾಪಸ್ ಬಂದ. ದಾರಿ ತೆರೆಯುವಷ್ಟರಲ್ಲಿ ಅವಳು ಹೋಗಿದ್ದಳು. ಪಕ್ಕದಲ್ಲಿ ಅವಳ ಹೆಸರು ಸರಿಯಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ಆರ್ಡೆಲ್‌ನ ಆರೈಕೆ ಮನೆ ಇದ್ದಿದ್ದರೆ ಅವನು ನಡೆದುಕೊಂಡೇ ಹೋಗುತ್ತಿದ್ದ, ಎಂಥ ಗಾಳಿಯಿದ್ದರೂ. ನಾಲ್ಕು ಬೀದಿ.

ಮಣ್ಣು ಮಾಡಿ ಬಂದ ಮೇಲೆ ಅದೇ ಚರ್ಚಿನ ಹಾಲಿನಲ್ಲಿ ಊಟ. ಮರ್ನಾ ಬೀರಾಕ್‌ಗಳ ದೊಡ್ಡ ತಟ್ಟೆ ತಂದಿದ್ದಳು. ಅತ್ತು ಅವಳ ಮುಖ ಊದಿಕೊಂಡಿತ್ತು, ಹೋದವಳು ತಂಗಿಯಲ್ಲವೇ. ಎಲ್ಲರೂ ತಿಂದರು. ಗೇಲನ್ ಆ ತಟ್ಟೆ ಹತ್ತಿರ ಬಂದಾಗಲೆಲ್ಲ ಕೈಯಿಂದ ಪಕ್ಕಕ್ಕೆ ಸರಿಸಿದ.

ವಸಂತದಲ್ಲಿ ಅವನು ಪೆಲ್ಟನ್‌ಗೆ ಹೋಗಿ ತನ್ನ ಹೆಸರನ್ನು ರಿಪಬ್ಲಿಕನ್ ಅಂತ ಬದಲಿಸಿದ. ಮರ್ನಾ ಮಾತಿಲ್ಲದೆ ಮುದ್ರೆ ಒತ್ತಿದಳು. ಆರ್ಡೆಲ್‌ನಲ್ಲಿ ಇನ್ನೊಂದು ಪಕ್ಷ ಅನ್ನುವುದು ಅವತ್ತಿಗೆ ಮುಗಿಯಿತು. ಅವಳು ಹೇಳಿದ ಹಾಗೇ ಮತಗಟ್ಟೆಯೂ ಮುಚ್ಚಿತು. ಈಗ ವೋಟು ಹಾಕಲು ಎಲ್ಲರೂ ಪೆಲ್ಟನ್‌ಗೆ ಹೋಗಬೇಕು. ಕಾಫಿ ಅಂಗಡಿಯಲ್ಲಿ ಅದಕ್ಕೆ ಬೈಸಿಕೊಂಡವನು ಮತ್ತೆ ಗೇಲನ್‌ನೇ.

"ನಿಂದೆಂಥಾ ಹಟನಯ್ಯ," ಅಂದ ನಾರ್ಬ್. "ನಮ್ ಊರಿನ ಪೆಟ್ಟಿಗೇನೇ ಎತ್ತಿಸಿಬಿಟ್ಟೆ. ಈ ಕಾಲಲ್ಲಿ ನಾನು ಪೆಲ್ಟನ್‌ಗೆ ಹೋಗ್ಲಾ?"

"ಹೋಗ್ಬೇಡ. ಹೋಗಿ ಏನ್ ಕಿತ್ತೆ ಅಷ್ಟು ವರ್ಷ?"

ಅವನು ಮಾತ್ರ ಹೋದ. ಮುಂದಿನ ಸಲ ಟ್ರೆಂಟ್‌ನ ಅವಧಿ ಮುಗಿದ ಆಗಸ್ಟಿನಲ್ಲಿ, ಇಸ್ತ್ರಿ ಅಂಗಿ ಹಾಕಿಕೊಂಡು ಇಪ್ಪತ್ತೆರಡು ಮೈಲಿ ಹೋಗಿ, ಜೀವನದಲ್ಲಿ ಮೊದಲ ಬಾರಿಗೆ ಕೆಂಪು ಪಟ್ಟಿಯ ಹಾಳೆಯನ್ನು ಕೊಡುವುದಕ್ಕಲ್ಲ, ಇಸಿದುಕೊಳ್ಳುವುದಕ್ಕೆ ಕೈ ಚಾಚಿದ. ಮರೆಯಲ್ಲಿ ನಿಂತು ಬಿಡಿಸಿ ನೋಡಿದ. ಕಮಿಷನರ್ ಅನ್ನುವಲ್ಲಿ ಒಂದೇ ಹೆಸರು: ಟ್ರೆಂಟ್ ಹಾಲಿಸ್. ಡ್ವೇನ್ ಮತ್ತೆ ನಿಂತಿರಲಿಲ್ಲ, ಬೇರೆ ಯಾರೂ ನಿಂತಿರಲಿಲ್ಲ. ಆ ಹೆಸರಿನ ಕೆಳಗೆ ಅವನಿಗೆ ಚೆನ್ನಾಗಿ ಪರಿಚಯವಿದ್ದ ಖಾಲಿ ಗೆರೆ. ಅದರ ಮೇಲೆ ಅವನು ಕಾರ್ಲೀನ್ ಡ್ರೈಲಿಂಗ್ ಅಂತ ಬರೆದು ಪೆಟ್ಟಿಗೆಗೆ ಹಾಕಿ ಬಂದ.

ಅದನ್ನು ಎಣಿಸಿದವಳು ಮರ್ನಾ. ಈ ಸಲ ಅವಳು ಫೋನು ಮಾಡಿ ತಮಾಷೆ ಮಾಡಲಿಲ್ಲ.

ಆ ವರ್ಷದ ಕೊನೆಗೆ ಮರ್ನಾ ಕೆಲಸದಿಂದ ನಿವೃತ್ತಳಾದಳು. ಮನೆ ಮಾರಿ ಅರಿಜೋನಾದಲ್ಲಿರುವ ಮಗಳ ಹತ್ತಿರ ಹೋಗುವುದು ಅಂತ ಆಯಿತು. ಹೊರಡುವ ಹಿಂದಿನ ದಿನ ಗೇಲನ್‌ನ ಶೆಡ್ಡಿಗೆ ಬಂದಳು. ಅವನು ಲಾರಿಯ ಅಡಿಯಲ್ಲಿ ಬೆನ್ನ ಮೇಲೆ ಮಲಗಿ ಒಂದು ಬೋಲ್ಟು ಬಿಚ್ಚುತ್ತಿದ್ದ. ಅವಳ ಬೂಟುಗಳು ಬಾಗಿಲಲ್ಲಿ ನಿಂತದ್ದು ಅವನಿಗೆ ಕಾಣಿಸಿತು.

"ಗೇಲನ್," ಅಂದಳು. "ಅದೊಂದು ನನ್ ಮೇಲೆ ಹಾಗೇ ಉಳ್ಕೊಂಡಿದೆ. ಏನ್ ಮಾಡ್ಲಿ ಹೇಳು. ಏನ್ ಹೇಳಿದ್ರೂ ಮಾಡ್ತೀನಿ."

ಅವನು ಸ್ಪ್ಯಾನರ್ ತಿರುಗಿಸಿದ. ಬೋಲ್ಟು ತುಕ್ಕು ಹಿಡಿದಿತ್ತು, ಅಲುಗಲಿಲ್ಲ. ಮತ್ತೆ ತಿರುಗಿಸಿದ. ಅವಳಿಂದ ಕೇಳಬೇಕಾಗಿದ್ದನ್ನು ಅವನು ಆ ಸಭೆಯಲ್ಲಿ ಕೇಳಿಯಾಗಿತ್ತು. ಬೂಟುಗಳು ಹಿಂದೆ ತಿರುಗಿದವು. ಆಮೇಲೆ ಜಲ್ಲಿಕಲ್ಲಿನ ಮೇಲೆ ಹೆಜ್ಜೆ, ಕಾರಿನ ಬಾಗಿಲು, ಸದ್ದು ದೂರವಾಯಿತು. ಗೇಲನ್ ಲಾರಿಯ ಅಡಿಯಿಂದ ಎದ್ದು ಬರಲಿಲ್ಲ. ಆ ಋಣವನ್ನು ಅವಳು ಅರಿಜೋನಾಗೆ ತೆಗೆದುಕೊಂಡು ಹೋದಳು. ಇವನೂ ಬಿಟ್ಟುಕೊಟ್ಟಿಲ್ಲ.